ಮೂರು ಸಲ ಕೂಗಲಾಯಿತು

ಪಟ್ಟಿಯಲ್ಲಿ ಬರೆದದ್ದು ಇಷ್ಟೇ:
ಗಾದಿಲಿಂಗ, ವಯಸ್ಸು ಇಪ್ಪತ್ತಾರು, ಕೌಲ್ ಬಜಾರ್.
ಮೂರು ಸಲ ಕೂಗಲಾಯಿತು. ಉತ್ತರವಿಲ್ಲ.
ಗೈರುಹಾಜರು.
ಕೆಂಪು ಶಾಯಿ. ಕೆಳಗೊಂದು ಅವಸರದ ರುಜು.

ನಾನು ಆಗ ಗೇಟಿನಾಚೆ ಜೆರಾಕ್ಸ್ ಅಂಗಡಿಯಲ್ಲಿದ್ದೆ.
ಆಧಾರಿನ ಎರಡೂ ಬದಿ ಒಂದೇ ಹಾಳೆಯಲ್ಲಿ ಬೇಕಂತೆ,
ನಾವು ಒಯ್ದದ್ದು ಎರಡು ಹಾಳೆ.
ನನ್ನ ಮುಂದೆ ಕಾಲೇಜು ಹುಡುಗನೊಬ್ಬ
ಇಡೀ ಪುಸ್ತಕವನ್ನೇ ಕಾಪಿ ತೆಗೆಸುತ್ತಿದ್ದ.
ಹಸಿರು ಬೆಳಕು ಹೋಗುತ್ತಿತ್ತು, ಬರುತ್ತಿತ್ತು,
ಪುಸ್ತಕ ಮುಗಿಯಲೊಲ್ಲದು.
"ಅಣ್ಣಾ, ನಂದು ಒಂದೇ ಹಾಳಿ" ಅಂದೆ.
ಅಂಗಡಿಯವ ತಲೆ ಎತ್ತದೆ ಕೈ ಎತ್ತಿದ, ತಡಿ ಅಂತ.
ಸನ್ನೆ ಓದಲು ನನಗೆ ಯಾರೂ ಕಲಿಸಬೇಕಿಲ್ಲ,
ತಡೆದೆ.

ತಮ್ಮನನ್ನು ಕೂರಿಸಿ ಹೋದದ್ದು ಸಿಮೆಂಟಿನ ಬೆಂಚಿನ ಮೇಲೆ.
ಕಟ್ಟಿಗೆಯದು ಹುಡುಕಬೇಕಿತ್ತು, ಈಗ ಅನ್ನಿಸುತ್ತದೆ.

ನಮ್ಮ ಜೀನ್ಸ್ ಶೆಡ್ಡಿನಲ್ಲಿ ನಲವತ್ತು ಮಷಿನು.
ನಾನು ಜೇಬು ಕೂರಿಸುತ್ತೇನೆ, ಅವನು ದಾರ ಕತ್ತರಿಸುತ್ತಾನೆ,
ಪ್ಯಾಂಟಿಗೊಂದು ರೂಪಾಯಿ.
ಬಾಗಿಲ ಬಳಿ, ಹಲಗೆಯ ಮೇಲೆ, ಬರಿಗಾಲೂರಿ ಕೂರುತ್ತಾನೆ.
ಮಾಲಕ ಕಳ್ಳಹೆಜ್ಜೆಯಲ್ಲಿ ಬಂದರೂ
ಮೊದಲು ಗೊತ್ತಾಗುವುದು ಅವನಿಗೆ;
ಅವನ ಕತ್ತರಿ ಜೋರಾದರೆ ನಾವು ಮಾತು ನಿಲ್ಲಿಸುತ್ತೇವೆ.
ಕರೆಂಟ್ ಹೋದಾಗ ಎಲ್ಲರೂ ಫ್ಯಾನ್ ನೋಡಿದರೆ
ಅವನು ತನ್ನ ಅಂಗಾಲು ನೋಡಿಕೊಳ್ಳುತ್ತಾನೆ,
ಅಲ್ಲಿಂದೇನೋ ಜಾರಿ ಬಿದ್ದ ಹಾಗೆ.

ಆಸ್ಪತ್ರೆಯ ಸಿಮೆಂಟಿಗೆ ಅಷ್ಟು ಜೀವವಿಲ್ಲ.
ಕೂಗಿದವರು ಕೂಗಿದರು.
ಮೊಮ್ಮಗನ ಊರುಗೋಲು ಹಿಡಿದು ಕೂತಿದ್ದ
ಕುರುಗೋಡಿನ ಮುದುಕಿ ಆಮೇಲೆ ಹೇಳಿದಳು:
"ನಾನೂ ಅತ್ತಾಗ ಇತ್ತಾಗ ನೋಡಿದ್ನೆವ್ವಾ,
ಯಾವ ಪುಣ್ಯಾತ್ಮ ಇವನು, ಕರದ್ರೂ ಏಳವಲ್ಲ ಅಂತ.
ಈ ಹುಡುಗ ನನ್ನ ಮಗ್ಗಲದಾಗೇ ಕುಂತು
ಗ್ವಾಡಿ ಮ್ಯಾಲಿನ ಇರುವಿ ಸಾಲು ನೋಡಾಕತ್ತಿದ್ದ."

"ಕಿವಿ ಕೇಳಲ್ಲ ಅಂತ ಬರೆಸಾಕ ಬಂದವನ್ನ
ಕೂಗಿ ಕರೀತೀರೇನ್ರೀ?" ಅಂದೆ ಜವಾನನಿಗೆ.
ಅವನು ರೇಗಲಿಲ್ಲ. ನಗಲೂ ಇಲ್ಲ.
ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ.
"ಡಾಕ್ಟರು ಎದ್ದು ಹೋದ್ರವ್ವಾ. ಬುಧವಾರಕ್ಕೊಮ್ಮೆ ಬರ್ತಾರ.
ಹೊಸಾ ಅರ್ಜಿ ಹಾಕ್ಬೇಕಾಗತೈತಿ."
ಜಗಳವಾಡಿದ್ದರೆ ನನಗೂ ಸಲೀಸಿತ್ತು.

ಮೂರು ಸಲ ಕೂಗಿದಿರಿ, ಮೂರೂ ಸಲ ತಿರುಗಲಿಲ್ಲ,
ಅಲ್ಲಿಗೆ ಪರೀಕ್ಷೆ ಆದ ಹಾಗಲ್ಲವೇ ಸ್ವಾಮಿ?
ಇದಕ್ಕೆ ಶೇಕಡಾ ಎಷ್ಟು ಹಾಕುತ್ತೀರಿ?
ಈ ಮಾತು ಹೊಳೆದದ್ದು ಶೇರ್ ಆಟೋ
ಮೋತಿ ಸರ್ಕಲ್ ದಾಟಿದ ಮೇಲೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಏನಾಯಿತು?
ನಮ್ಮಿಬ್ಬರ ಕೈಮಾತಿನಲ್ಲಿ ಎಲ್ಲಕ್ಕೂ ಹೆಸರಿದೆ:
ಅವ್ವನೆಂದರೆ ಮೂಗುಬೊಟ್ಟು, ಮಾಲಕನೆಂದರೆ ಹೊಟ್ಟೆ,
ಗುಡ್ಡಕ್ಕೆ ಬೋಳುತಲೆ ಸವರಬೇಕು,
ಬಾಕಿ ಉಳಿದ ಪಗಾರಕ್ಕೆ ಅಂಗೈ ಮೇಲೆ ಉಫ್ ಎಂದು ಊದಬೇಕು.
ಗೈರುಹಾಜರಿಗೆ ಏನೂ ಇರಲಿಲ್ಲ.
ಬೆಳಿಗ್ಗೆ ಏಳಕ್ಕೇ ಬಂದು, ಕೂತಲ್ಲೇ ಕೂತಿದ್ದು,
ಇಲ್ಲದವನಾಗಿ ಹೋದದ್ದಕ್ಕೆ
ಬೆರಳು ಹೇಗೆ ಮಡಿಸಲಿ?

ಅವನನ್ನು ತೋರಿಸಿದೆ. ಬೆಂಚು ತೋರಿಸಿದೆ.
ಅಂಗೈಯಿಂದ ಬೆಂಚಿನ ಮೇಲಿನದನ್ನು ಒರೆಸಿ ಹಾಕಿದೆ.

ಇಲ್ಲ ಇಲ್ಲ ಎಂದು ತಲೆಯಾಡಿಸಿದ.
ನನಗೇ ತಪ್ಪು ತಿಳಿದಿದೆ ಅಂದುಕೊಂಡಿರಬೇಕು,
ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳಿಕೊಡುವಂತೆ,
ಡಾಕ್ಟರಿಗೆಂದೇ ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿಯ ಮೇಲೆ
ಬೆರಳೊತ್ತಿ ತೋರಿಸಿದ: ಇದ್ದೆ.
ಎಷ್ಟು ತೊಳೆದರೂ ಹೋಗದ ಜೀನ್ಸಿನ ನೀಲಿ
ಬೆವರಿಗೆ ಕರಗಿ
ಎದೆಯ ಮೇಲೊಂದು ಚುಕ್ಕೆ ಮೂಡಿತು.

ಮಂಗಳವಾರವೇ ಜೆರಾಕ್ಸ್ ಮಾಡಿಸಿಡಬೇಕು.
ಎರಡೂ ಬದಿ, ಒಂದೇ ಹಾಳೆ.